ಮೊದಲ ಬಿಲ್ಲು ಉದ್ದವಿರಲಿ, ಮೆದುವಿರಲಿ

ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರ ಸೆಪ್ಟೆಂಬರಿನಲ್ಲಿ ಚಾರಣಿಗರಿಗೆ ಒಂದು ಶವ ಕಂಡಿತು. ಸುಮಾರು 5,300 ವರ್ಷ ಹಿಂದಿನ ಆ ಮನುಷ್ಯನಿಗೆ ‘ಓಟ್ಜಿ’ ಎಂದು ಹೆಸರಾಯಿತು. ಅವನ ತಾಮ್ರದ ಕೊಡಲಿ, ಮೈಮೇಲಿನ ಹಚ್ಚೆ, ಹೊಟ್ಟೆಯಲ್ಲಿದ್ದ ಕೊನೆಯ ಊಟದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅವನ ಬಿಲ್ಲಿನ ಸುದ್ದಿ ಅಷ್ಟಾಗಿ ಬರುವುದಿಲ್ಲ. ಯೂ ಮರದ ಆ ಬಿಲ್ಲಿನ ಉದ್ದ 1.82 ಮೀಟರ್, ಹೊತ್ತವನ ಎತ್ತರವೇ 1.60 ಮೀಟರಿನ ಆಸುಪಾಸು. ಹೆದೆ ಕಟ್ಟಲು ತುದಿಯಲ್ಲಿ ಕಚ್ಚು ಕೊರೆದಿಲ್ಲ, ಮೈ ನಯ ಮಾಡಿಲ್ಲ, ಉದ್ದಕ್ಕೂ ಕೊಡಲಿಯ ಏಟಿನ ಗುರುತುಗಳಿವೆ. ಬತ್ತಳಿಕೆಯಲ್ಲಿದ್ದ 14 ಬಾಣಗಳಲ್ಲಿ ಎಯ್ಯಲು ಸಿದ್ಧವಾಗಿದ್ದವು ಎರಡೇ. ಕೆಲಸ ಅರ್ಧದಲ್ಲಿದ್ದಾಗಲೇ ಆಸಾಮಿ ಸತ್ತಿದ್ದಾನೆ.

ಬಿಲ್ಲು ಮಾಡಲು ಕಲಿಯುವ ಹುಡುಗ ಹುಡುಗಿಯರಿಗೆ ನಯಗೊಂಡು ಮೆರುಗಿಟ್ಟ ಬಿಲ್ಲಿಗಿಂತ ಈ ಅರೆಬರೆ ಬಿಲ್ಲೇ ಹೆಚ್ಚು ಹೇಳಿಕೊಡುತ್ತದೆ. ಮಾಡುವವನು ಮೊದಲು ಉದ್ದವನ್ನು ಉಳಿಸಿಕೊಂಡಿದ್ದಾನೆ, ದಪ್ಪವನ್ನು ಚೂರುಚೂರಾಗಿ ಕಳೆಯುತ್ತ ಬಂದಿದ್ದಾನೆ, ತುದಿಯ ಕಚ್ಚನ್ನು ಕೊನೆಗೆ ಬಿಟ್ಟಿದ್ದಾನೆ. ಇವತ್ತು ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಮನೆಯ ಹಿಂದಿನ ಶೆಡ್ಡಿನಲ್ಲಿ ಹದಿನಾಲ್ಕು ಹದಿನೈದರ ಮಕ್ಕಳು ಓಕ್ ಹಲಗೆ ಹಿಡಿದು ಕೂತಾಗ ಮಾಡುವುದೂ ಇದನ್ನೇ. ಆದರೆ ಅವರ ಮನಸ್ಸಿನಲ್ಲಿ ಇರುವುದು ರಾಬಿನ್ ಹುಡ್. ಹಾಗಾಗಿ ಮೊದಲ ಪ್ರಶ್ನೆ ‘ಎಷ್ಟು ಪೌಂಡಿನ ಬಿಲ್ಲು?’ ಎಂಬುದಾಗಿರುತ್ತದೆ. ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾದ ಬಲವನ್ನು ಪೌಂಡಿನಲ್ಲಿ ಹೇಳುವುದು ಈ ವಿದ್ಯೆಯ ರೂಢಿ. ನನ್ನ ಪ್ರಕಾರ ಹೊಸಬರ ಬಿಲ್ಲು ಕೆಡುವುದು ಈ ಪ್ರಶ್ನೆಯಿಂದಲೇ.

ಇಂಗ್ಲಿಷರ ಲಾಂಗ್‌ಬೋ, ಅಂದರೆ ಆಳೆತ್ತರದ ಉದ್ದಬಿಲ್ಲು, ಹೆಸರು ಮಾಡಿದ್ದು ಯುದ್ಧದಲ್ಲಿ. 1346ರ ಕ್ರೆಸಿ, 1415ರ ಅಜಿನ್‌ಕೋರ್ಟ್ ಕಾಳಗಗಳಲ್ಲಿ ಫ್ರೆಂಚರ ಕವಚಧಾರಿ ಕುದುರೆ ಸವಾರರನ್ನು ಹಳ್ಳಿಗಾಡಿನ ಬಿಲ್ಲಾಳುಗಳು ತಡೆದು ನಿಲ್ಲಿಸಿದರು. ಆ ಬಿಲ್ಲುಗಳು ಹೇಗಿದ್ದವೆಂಬ ಖಚಿತ ಪುರಾವೆ ಸಿಕ್ಕಿದ್ದು ಮಾತ್ರ ಸಮುದ್ರದ ತಳದಲ್ಲಿ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಎಂಬ ಯುದ್ಧನೌಕೆ 1545ರ ಜುಲೈನಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿತ್ತು. 1982ರಲ್ಲಿ ಅದನ್ನು ಮೇಲೆತ್ತಿದರು. ಕೆಸರಿನಡಿ ಕೆಡದೆ ಉಳಿದಿದ್ದ ಇಡೀ ಬಿಲ್ಲುಗಳೇ 137, ಬಾಣಗಳು ಸಾವಿರಗಟ್ಟಲೆ. ಆ ಬಿಲ್ಲುಗಳ ಎಳೆತ 100ರಿಂದ 185 ಪೌಂಡಿನವರೆಗೆ ಇದ್ದೀತು ಎಂಬುದು ತಜ್ಞರ ಲೆಕ್ಕ. ಕಿಲೋದಲ್ಲಿ 45ರಿಂದ 84. ಒಂದು ಮೂಟೆ ಸಿಮೆಂಟನ್ನು ಮೂರು ಬೆರಳಲ್ಲಿ ಕೆನ್ನೆಯವರೆಗೆ ಎಳೆದು ತರುವ ಬಾಬತ್ತು ಅದು.

ಅದೇ ಹಡಗಿನಲ್ಲಿ ಮನುಷ್ಯರ ಮೂಳೆಗಳೂ ಸಿಕ್ಕವು. ಅವನ್ನು ಪರಿಶೀಲಿಸಿದ ತಜ್ಞೆ ಆ್ಯನ್ ಸ್ಟರ್ಲೆಂಡ್ ಒಂದು ವಿಚಿತ್ರ ಗಮನಿಸಿದರು. ಹೆಗಲಿನ ಎಲುಬಿನ ತುದಿಯಲ್ಲಿ ಒಂದು ತುಣುಕು ಇರುತ್ತದೆ. ಹರೆಯ ಮುಗಿಯುವ ಹೊತ್ತಿಗೆ ಅದು ಉಳಿದ ಎಲುಬಿನೊಂದಿಗೆ ಬೆಸೆದುಕೊಳ್ಳಬೇಕು. ಈ ನಾವಿಕರಲ್ಲಿ ಸಾಮಾನ್ಯಕ್ಕಿಂತ ಬಹಳ ಹೆಚ್ಚು ಮಂದಿಗೆ ಅದು ಬೆಸೆದೇ ಇರಲಿಲ್ಲ. ಚಿಕ್ಕಂದಿನಿಂದ ಭಾರದ ಬಿಲ್ಲು ಎಳೆದದ್ದೇ ಕಾರಣವಿರಬೇಕು ಎಂದು ಅವರು ತರ್ಕಿಸಿದರು. ಹಡಗು ಮುಳುಗುವ ಮೂರು ದಶಕ ಮೊದಲೇ ಹೆನ್ರಿಯ ಸರ್ಕಾರ ಒಂದು ಕಾನೂನು ತಂದಿತ್ತು: ಏಳರಿಂದ ಹದಿನೇಳು ವರ್ಷದ ಪ್ರತಿ ಗಂಡುಹುಡುಗನಿಗೂ ಮನೆಯವರು ಒಂದು ಬಿಲ್ಲು, ಎರಡು ಬಾಣ ಕೊಡಿಸಲೇಬೇಕು. ಬೆಳೆಯುವ ಎಲುಬಿನ ಮೇಲೆ ರಾಜಾಜ್ಞೆ.

ಹಾಗಿದ್ದೂ ಆ ಕಾಲದ ತಿಳಿದ ತಂದೆಯರು ಹೇಗೆ ಕಲಿಸುತ್ತಿದ್ದರು ಎಂಬುದಕ್ಕೆ ಹ್ಯೂ ಲ್ಯಾಟಿಮರ್ ಎಂಬ ಪಾದ್ರಿಯ ಸಾಕ್ಷಿ ಇದೆ. ಲೆಸ್ಟರ್‌ಶೈರಿನ ರೈತನ ಮಗ. 1549ರಲ್ಲಿ ಬಾಲಕ ದೊರೆ ಆರನೆಯ ಎಡ್ವರ್ಡನ ಮುಂದೆ ಉಪದೇಶ ಮಾಡುತ್ತ ತನ್ನ ಬಾಲ್ಯ ನೆನೆಸಿಕೊಂಡಿದ್ದಾನೆ. ಅಪ್ಪ ಅವನ ವಯಸ್ಸಿಗೂ ಶಕ್ತಿಗೂ ಹೊಂದುವ ಬಿಲ್ಲನ್ನೇ ಕೊಡಿಸುತ್ತಿದ್ದ. ಮಗ ಬೆಳೆದಂತೆ ಬಿಲ್ಲೂ ಬೆಳೆಯಿತು. ಬರೀ ತೋಳಿನಿಂದ ಎಳೆಯದೆ ಮೈಯ ಭಾರ ಬಿಟ್ಟು ಎಳೆಯುವುದನ್ನೂ ಕಲಿಸಿದ. ಇಂದಿನ ತರಬೇತುದಾರರು ಹೇಳುವುದೂ ಇಷ್ಟನ್ನೇ: ಹದಿಮೂರು ಹದಿನಾಲ್ಕರ ಹೊಸಬರಿಗೆ 15ರಿಂದ 25 ಪೌಂಡು ಧಾರಾಳ.

ಮೆದು ಬಿಲ್ಲೇ ಏಕೆ ಎಂಬುದಕ್ಕೆ ಎಲುಬಿನ ಕಾರಣ ಒಂದಾದರೆ ಮರದ ಕಾರಣ ಇನ್ನೊಂದು. ಬಿಲ್ಲನ್ನು ಬಾಗಿಸಿದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ಎಯ್ಯುವವನ ಕಡೆಗಿರುವ ಮೈ ಕುಗ್ಗುತ್ತದೆ. ಹೊರಮೈಯನ್ನು ಬೆನ್ನು ಎಂದೂ ಒಳಮೈಯನ್ನು ಹೊಟ್ಟೆ ಎಂದೂ ಕರೆಯೋಣ. ಮಧ್ಯದಲ್ಲಿ ಹಿಗ್ಗದೆ ಕುಗ್ಗದೆ ಇರುವ ಒಂದು ಪದರವಿದೆ. ಅಲ್ಲಿಂದ ದೂರ ಹೋದಷ್ಟೂ ಮರದ ನಾರಿಗೆ ಹಿಂಸೆ ಹೆಚ್ಚು. ಬಿಲ್ಲು ದಪ್ಪವಿದ್ದಷ್ಟೂ, ಗಿಡ್ಡವಿದ್ದಷ್ಟೂ ಆ ಹಿಂಸೆ ಏರುತ್ತದೆ. ಬೆನ್ನು ತಾಳದಿದ್ದರೆ ಸಿಬಿರೆದ್ದು ಫಟ್ಟೆಂದು ಮುರಿಯುತ್ತದೆ. ಹೊಟ್ಟೆ ತಾಳದಿದ್ದರೆ ಅಡ್ಡಡ್ಡ ಕೂದಲೆಳೆಯ ಸುಕ್ಕು ಬಿದ್ದು, ಬಿಲ್ಲು ಬಾಗಿದಲ್ಲೇ ಬಾಗಿ ಸೋಲುತ್ತದೆ. ಉದ್ದ ಹೆಚ್ಚಿಸಿದರೆ ಅಷ್ಟೇ ಎಳೆತಕ್ಕೆ ಬಾಗು ಹಗುರಾಗುತ್ತದೆ. ಮರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಹೆದೆ ಎಳೆಯುವ ದೂರದ ಎರಡೂವರೆ ಪಟ್ಟು ಉದ್ದ ಇಟ್ಟುಕೊಂಡರೆ ಹೊಸಬರ ಕೈಯ ಸಣ್ಣಪುಟ್ಟ ತಪ್ಪನ್ನು ಮರ ನುಂಗಿಕೊಳ್ಳುತ್ತದೆ. 26 ಇಂಚು ಎಳೆಯುವ ಹುಡುಗಿಗೆ 65 ಇಂಚಿನ ಬಿಲ್ಲು ಎಂದಾಯಿತು. ನೋಡುವವರಿಗೆ ಅವಳಿಗಿಂತ ಬಿಲ್ಲೇ ದೊಡ್ಡದೆನಿಸಬಹುದು. ಓಟ್ಜಿಯ ಮಾತು ಬೇರೆಯೇನಲ್ಲವಲ್ಲ.

ಯೂ ಮರಕ್ಕೆ ಯಾಕಷ್ಟು ಬೇಡಿಕೆ ಎಂಬುದೂ ಇಲ್ಲಿಯೇ ತಿಳಿಯುತ್ತದೆ. ಅದರ ಕೆಂಪು ಚೇಗು ಒತ್ತಡ ತಡೆಯುವುದರಲ್ಲಿ ಗಟ್ಟಿ. ಚೇಗಿನ ಹೊರಗಿನ ಬಿಳಿ ಪದರ ಹಿಗ್ಗುವುದರಲ್ಲಿ ಗಟ್ಟಿ. ಎರಡೂ ಒಂದಕ್ಕೊಂದು ಅಂಟಿಕೊಂಡೇ ಬೆಳೆದಿರುತ್ತವೆ. ಬಿಳಿಯನ್ನು ಬೆನ್ನಿಗೆ, ಕೆಂಪನ್ನು ಹೊಟ್ಟೆಗೆ ಇಟ್ಟು ಕೆತ್ತಿದರೆ ಅಂಟು ಹಾಕದೆಯೇ ಜೋಡುಬಿಲ್ಲು. ಇಂಗ್ಲೆಂಡಿನ ಒಳ್ಳೆಯ ಯೂ ಬೇಗ ಮುಗಿಯಿತು. 1472ರ ಕಾನೂನಿನಂತೆ ಇಂಗ್ಲೆಂಡಿನ ಬಂದರಿಗೆ ಬರುವ ಹಡಗು ತಾನು ತಂದ ಸರಕಿನ ಪ್ರತಿ ಟನ್ನಿಗೆ ನಾಲ್ಕು ಬಿಲ್ಲುಮರ ತರಬೇಕಿತ್ತು. ಆಲ್ಪ್ಸ್ ಸೀಮೆಯ ಕಾಡುಗಳಲ್ಲಿ ಯೂ ತೆಳುವಾಗಲು ಈ ಬೇಡಿಕೆಯದ್ದೂ ಪಾಲಿದೆ. ನಮ್ಮ ಹಿಮಾಲಯದ ಯೂ ಕೂಡ ಈಗ ಅಳಿವಿನಂಚಿನಲ್ಲಿದೆ. ಅದು ಬಿಲ್ಲಿನಿಂದಲ್ಲ, ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸಲ್‌ಗಾಗಿ ತೊಗಟೆ ಎಲೆಗಳನ್ನು ಕಿತ್ತದ್ದರಿಂದ. ಔಷಧಿ ಕೊಡುವ ಮರವೇ ವಿಷದ್ದು. ಕೆಂಪು ಹಣ್ಣಿನ ತಿರುಳೊಂದನ್ನು ಬಿಟ್ಟು ಉಳಿದದ್ದೆಲ್ಲ ನಂಜು, ಉಜ್ಜುವಾಗ ಏಳುವ ಪುಡಿಯೂ ಸೇರಿ. ಮಕ್ಕಳ ಮೊದಲ ಬಿಲ್ಲಿಗೆ ಯೂ ಬೇಡ ಎನ್ನಲು ಇಷ್ಟು ಸಾಕು. ಬೆಲೆಯ ವಿಚಾರ ಬೇರೆ.

ಹಾಗಾದರೆ ಯಾವ ಮರ? ಆ್ಯಶ್, ಎಲ್ಮ್, ಹಿಕರಿ, ರೆಡ್ ಓಕ್. ಕೆಳದರ್ಜೆ ಎಂದು ಇವನ್ನು ಹಳಿಯುವವರಿಗೆ ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಬಿಲ್ಲುಗಳನ್ನು ತೋರಿಸಬೇಕು. ಒಂಬತ್ತು ಸಾವಿರ ವರ್ಷ ಹಳೆಯವು, ಓಟ್ಜಿಯದಕ್ಕಿಂತಲೂ ಎಷ್ಟೋ ಹಿಂದಿನವು. ಅವುಗಳ ತೋಳುಗಳು, ಅಂದರೆ ಹಿಡಿಯ ಆಚೀಚೆ ಬಾಗುವ ಭಾಗಗಳು, ಅಗಲ, ಚಪ್ಪಟೆ. ಸಾಧಾರಣ ಮರಕ್ಕೆ ಅದೇ ಸರಿಯಾದ ಆಕಾರ: ಅಗಲ ಹೆಚ್ಚಿಸಿ ದಪ್ಪ ಇಳಿಸಿದರೆ ಒತ್ತಡ ಹಂಚಿಹೋಗುತ್ತದೆ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲೋಪ್‌ಸ್ಟೆಗ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಯೋಗ, ಗಣಿತಗಳ ಮೂಲಕ ಚಪ್ಪಟೆ ತೋಳೇ ಲೇಸೆಂದು ತೋರಿಸಿದಾಗ ಶಿಲಾಯುಗದ ಬಡಗಿಗಳಿಗೆ ಒಂದು ಮೆಚ್ಚುಗೆ ಪತ್ರ ಸಿಕ್ಕಂತಾಯಿತು. ಬ್ರಿಟನ್ನಿನ ಉದ್ದಬಿಲ್ಲು ಸಂಘದವರು ಇದನ್ನು ಒಪ್ಪುವುದಿಲ್ಲ. ತೋಳಿನ ದಪ್ಪ ಅದರ ಅಗಲದ ಎಂಟರಲ್ಲಿ ಐದು ಪಾಲಿಗಿಂತ ಕಡಿಮೆಯಾದರೆ ಅದು ಉದ್ದಬಿಲ್ಲೇ ಅಲ್ಲ ಎನ್ನುವುದು ಅವರ ನಿಯಮ. ಸ್ಪರ್ಧೆಗೆ ಆ ನಿಯಮ ಇರಲಿ. ಶೆಡ್ಡಿನಲ್ಲಿ ಕೂತ ಹುಡುಗನ ಹಲಗೆಗೆ ಅದನ್ನು ಹೇರುವುದು ಬೇಡ.

ಹಲಗೆ ಆರಿಸುವುದರಲ್ಲೇ ಅರ್ಧ ಬಿಲ್ಲು ಆಗಿಹೋಗುತ್ತದೆ. ಮರದಂಗಡಿಯಲ್ಲಿ ಆರಡಿ ಉದ್ದ, ಎರಡಿಂಚು ಅಗಲ, ಮುಕ್ಕಾಲು ಇಂಚು ದಪ್ಪದ ಪಟ್ಟಿಗಳ ರಾಶಿಯನ್ನು ತಾಳ್ಮೆಯಿಂದ ತಿರುವಿಹಾಕಬೇಕು. ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಂಚು ಬಿಟ್ಟು ಹೊರಗೆ ಓಡದೆ ಸಾಗಬೇಕು, ಅದೂ ಮೇಲ್ಮೈಯಲ್ಲಷ್ಟೇ ಅಲ್ಲ, ಪಕ್ಕದಲ್ಲೂ. ಓರೆಯಾಗಿ ಅಂಚಿಗೆ ಹಾಯುವ ಪ್ರತಿ ಎಳೆಯೂ ಸಿಬಿರೇಳುವ ಜಾಗ. ಗಂಟು ಇರಬಾರದು. ಎತ್ತಿ ನೋಡಿದರೆ ಗಾತ್ರಕ್ಕೆ ತಕ್ಕ ತೂಕವಿರಬೇಕು. ಅಂಗಡಿಯವನು ಗೊಣಗುತ್ತಾನೆ, ಗೊಣಗಲಿ.

ಗುರುತು ಹಾಕುವುದು ಸುಲಭ. ಮಧ್ಯೆ ನಾಲ್ಕಿಂಚು ಹಿಡಿ. ಅದರ ಎರಡೂ ಬದಿಗೆ ಎರಡೆರಡು ಇಂಚು ಇಳಿಜಾರು. ಅಲ್ಲಿಂದ ತೋಳು ಒಂದೂವರೆ ಇಂಚು ಅಗಲದಲ್ಲಿ ಅರ್ಧ ದೂರ ಸಾಗಿ ನಂತರ ಅರ್ಧ ಇಂಚಿನ ತುದಿಗೆ ಮೊನೆಯಾಗುತ್ತದೆ. ಹಿಡಿಯ ಜಾಗದಲ್ಲಿ ಇನ್ನೊಂದು ತುಂಡು ಅಂಟಿಸಿ ದಪ್ಪ ಮಾಡಿಕೊಂಡರೆ ಕೈಗೆ ಒದಗುತ್ತದೆ. ಬೆನ್ನಿಗೆ ಬಡಗಿಯ ಅಂಟಿನಿಂದ ಗಟ್ಟಿ ಲಿನನ್ ಬಟ್ಟೆ ಹೊದಿಸುವುದು ಮೊದಲ ಬಿಲ್ಲಿಗೆ ವಿವೇಕದ ಕೆಲಸ. ಮುರಿದರೂ ಚೂರು ಮುಖಕ್ಕೆ ಹಾರುವುದಿಲ್ಲ. ಕನ್ನಡಕ ಮಾತ್ರ ಕಡ್ಡಾಯ, ಬಟ್ಟೆ ಹೊದಿಸಿದ್ದರೂ. ಉಪಕರಣಗಳು ಹೆಚ್ಚಿಲ್ಲ: ಗರಗಸ, ಒರಟು ಅರ, ಎರಡು ಕೈಯಲ್ಲಿ ಹಿಡಿದು ಕೀಸುವ ಉಳಿ, ಮೇಜಿಗೆ ಬಿಗಿದ ವೈಸ್, ಕೊನೆಗೆ ಕೆರೆಯಲು ಒಂದು ಉಕ್ಕಿನ ತಗಡು. ಯಂತ್ರದ ಗರಗಸ ಇದ್ದರೆ ಬೇಗ ಆಗುತ್ತದೆ, ಕೆಡುವುದೂ ಬೇಗ.

ಇನ್ನು ಟಿಲ್ಲರಿಂಗ್, ಅಂದರೆ ಎರಡೂ ತೋಳು ಸಮನಾಗಿ ಬಾಗುವಂತೆ ಹದ ಮಾಡುವ ಕೆಲಸ. ಬಿಲ್ಲು ಮಾಡುವುದೆಂದರೆ ಇದೇ, ಉಳಿದದ್ದು ಬಡಗಿತನ. ಇಲ್ಲಿ ತಿಳಿದಿರಬೇಕಾದ ಲೆಕ್ಕ ಒಂದೇ. ಅಗಲವನ್ನು ಹನ್ನೆರಡರಲ್ಲಿ ಒಂದು ಪಾಲು ಕಳೆದರೆ ಬಿಗಿಯೂ ಹನ್ನೆರಡರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಶೇ 8ರಷ್ಟು. ದಪ್ಪದ ಕತೆ ಹಾಗಲ್ಲ, ಅಲ್ಲಿ ಬಿಗಿ ಇಳಿಯುವುದು ಘನದ ಲೆಕ್ಕದಲ್ಲಿ. 12 ಮಿಲಿಮೀಟರಿನ ತೋಳಿನಿಂದ ಒಂದೇ ಮಿಲಿಮೀಟರ್ ಕೆರೆದರೆ ಶೇ 23ರಷ್ಟು ಬಿಗಿ ಹೋಯಿತು. ಒಂದು ಜಾಗದಲ್ಲಿ ಹತ್ತು ಸಲ ಹೆಚ್ಚಾಗಿ ಅರ ಆಡಿಸಿದ್ದು ಕಣ್ಣಿಗೆ ಕಾಣುವುದಿಲ್ಲ, ಬಿಲ್ಲಿಗೆ ಗೊತ್ತಾಗುತ್ತದೆ. ಅಲ್ಲಿ ಬಾಗಿಲ ಕೀಲಿನಂತೆ ಮಡಿಚಿಕೊಳ್ಳುತ್ತದೆ.

ಮೊದಲು ಹೆದೆಯಿಲ್ಲದೆ, ಒಂದು ತುದಿಯನ್ನು ನೆಲಕ್ಕೆ ಊರಿ ಹಿಡಿಯನ್ನು ಒತ್ತಿ ನೋಡುವುದು. ತೋಳು ತುಸುವಾದರೂ ಬಾಗತೊಡಗುವವರೆಗೆ ಹೊಟ್ಟೆಯ ಕಡೆಯಿಂದ ಕೀಸಬೇಕು. ಬೆನ್ನನ್ನು ಮುಟ್ಟುವಂತಿಲ್ಲ, ಅಲ್ಲಿನ ಎಳೆ ತುಂಡಾದರೆ ಎಲ್ಲ ಮುಗಿದಂತೆ. ನಂತರ ತುದಿಗಳಲ್ಲಿ ಕಚ್ಚು ಕೊರೆದು, ಬಿಲ್ಲಿಗಿಂತ ಉದ್ದದ ಸಡಿಲ ಹಗ್ಗ ಕಟ್ಟಿ, ಗೋಡೆಗೆ ಬಿಗಿದ ಗೂಟದ ಮೇಲೆ ಹಿಡಿ ಕೂರಿಸಿ, ನೆಲದ ರಾಟೆಯಿಂದ ಹಗ್ಗ ಎಳೆಯುತ್ತ ದೂರ ನಿಂತು ನೋಡುವುದು. ರಾಟೆಯ ಉಪಕಾರವೆಂದರೆ ಮುರಿದರೆ ನೀವು ಅದರ ಕೆಳಗಿರುವುದಿಲ್ಲ. ಹಗ್ಗಕ್ಕೆ ಸಾಮಾನು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿದರೆ ಪೌಂಡೂ ಗೊತ್ತಾಗುತ್ತದೆ.

ಎಲ್ಲಿ ಬಾಗುತ್ತಿಲ್ಲವೋ ಅಲ್ಲಿ ಪೆನ್ಸಿಲ್ ಗುರುತು. ಗುರುತು ಅಳಿಯುವಷ್ಟೇ ಕೆರೆಯುವುದು. ಮತ್ತೆ ಗೂಟಕ್ಕೇರಿಸಿ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡುವುದು. ಈ ಎಳೆದು ಬಿಡುವುದನ್ನೇ ಹೊಸಬರು ಹಾರಿಸುತ್ತಾರೆ. ಕೆರೆದದ್ದರ ಪರಿಣಾಮ ಮರದಲ್ಲಿ ಕಾಣಿಸಿಕೊಳ್ಳಲು ಅಷ್ಟು ವ್ಯಾಯಾಮ ಬೇಕು. ಅದಿಲ್ಲದೆ ‘ಇನ್ನೂ ಬಾಗಿಲ್ಲ’ ಎಂದು ಮತ್ತೆ ಅರ ಹಿಡಿದರೆ ಬೇಕಾದ್ದಕ್ಕಿಂತ ಹೆಚ್ಚು ಹೋಗಿರುತ್ತದೆ. ಕಣ್ಣು ಪಳಗದವರಿಗೆ ಒಂದು ಉಪಾಯವಿದೆ. ಅಂಗೈಯುದ್ದದ ನೇರ ಮರದ ತುಂಡಿನ ನಟ್ಟನಡುವೆ ತೂತು ಕೊರೆದು ಪೆನ್ಸಿಲ್ ತೂರಿಸಿ. ಬಾಗಿದ ಬಿಲ್ಲಿನ ಹೊಟ್ಟೆಯ ಮೇಲೆ ಅತಿ ಹೆಚ್ಚು ಬಾಗಿದ ಜಾಗದಲ್ಲಿ ಮೊನೆ ತಾಗೀತೋ ಇಲ್ಲವೋ ಎನ್ನುವಂತೆ ಅದನ್ನು ಬಿಗಿ ಮಾಡಿ, ತೋಳಿನುದ್ದಕ್ಕೂ ಜಾರಿಸಿ. ಸಪಾಟಾಗಿ ಉಳಿದಲ್ಲೆಲ್ಲ ಪೆನ್ಸಿಲ್ ತಾನಾಗಿ ಗೀಟು ಹಾಕುತ್ತದೆ. ಕೆರೆಯಬೇಕಾದ ಜಾಗ ಅದೇ.

ಎಷ್ಟು ಇಂಚು ಎಳೆದಾಗಲೂ ಕೊನೆಯಲ್ಲಿ ಬೇಕಿರುವ ಪೌಂಡನ್ನು ದಾಟಬಾರದು. 25 ಪೌಂಡಿನ ಬಿಲ್ಲು ಬೇಕೆಂದರೆ ತಕ್ಕಡಿ 25 ತೋರಿಸಿದ ಕ್ಷಣ ನಿಲ್ಲಿಸಬೇಕು, ಆಗ ಎಳೆತ ಹತ್ತೇ ಇಂಚಾಗಿದ್ದರೂ. ಕೆರೆದಂತೆ ಅದೇ 25 ಪೌಂಡಿಗೆ ಹದಿನಾಲ್ಕು ಇಂಚು, ಹದಿನೆಂಟು, ಇಪ್ಪತ್ತೆರಡು ಎಂದು ಬಿಲ್ಲು ಕೈಗೆ ಬರುತ್ತದೆ. ಮಧ್ಯೆ ಎಲ್ಲಾದರೂ ಕೀಲು ಬಿದ್ದರೆ ಕಳೆದ ಮರವನ್ನು ಮರಳಿ ಅಂಟಿಸಲಾಗದು. ಉಳಿದಿರುವ ದಾರಿ ಸುತ್ತಲಿನದನ್ನೆಲ್ಲ ಅದರ ಮಟ್ಟಕ್ಕೆ ಇಳಿಸುವುದು. ಆದ್ದರಿಂದಲೇ ಮೂವತ್ತು ಪೌಂಡಿನದು ಎಂದು ಹೊರಟ ಮೊದಲ ಬಿಲ್ಲುಗಳು ಇಪ್ಪತ್ತಕ್ಕೆ ಬಂದು ನಿಲ್ಲುವುದು ಸಾಮಾನ್ಯ. ಹುಡುಗರಿಗೆ ಮುಖಭಂಗ ಎನಿಸುತ್ತದೆ. ಆದರೆ ಇಪ್ಪತ್ತು ಪೌಂಡಿನ ಬಿಲ್ಲಿನಲ್ಲಿ ಸಂಜೆಯವರೆಗೂ ಎಯ್ಯಬಹುದು. ಅವಸರದಲ್ಲಿ ಮಾಡಿದ ಐವತ್ತು ಪೌಂಡಿನದು ಗೂಟದ ಮೇಲೇ ಎರಡಾಗಿರುತ್ತದೆ. ಬಿಲ್ಲು ಮುರಿದವನಿಗೆ ಸೀತೆ ಸಿಕ್ಕಿದ್ದು ಮಿಥಿಲೆಯಲ್ಲಿ ಮಾತ್ರ.

ಉದ್ದಬಿಲ್ಲು ಇಂಗ್ಲಿಷರದೇ ಸ್ವತ್ತು ಎಂಬ ಭಾವನೆಯನ್ನೂ ಇಲ್ಲೇ ಬಿಡಬಹುದು. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕಂಡದ್ದನ್ನು ಆಧರಿಸಿ ಗ್ರೀಕ್ ಇತಿಹಾಸಕಾರ ಅರಿಯನ್ ಭಾರತದ ಕಾಲಾಳುಗಳನ್ನು ವರ್ಣಿಸಿದ್ದಾನೆ: ಬಿಲ್ಲು ಆಳಿನಷ್ಟೇ ಎತ್ತರ, ಅದರ ತುದಿಯನ್ನು ನೆಲಕ್ಕೆ ಊರಿ, ಎಡಗಾಲಿನಿಂದ ಒತ್ತಿ ಹಿಡಿದು ಎಯ್ಯುತ್ತಿದ್ದರು. ಅದನ್ನು ಯಾವುದರಿಂದ ಮಾಡುತ್ತಿದ್ದರು ಎಂಬುದಕ್ಕೆ ಉತ್ತರ ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರದ ಅಧ್ಯಾಯದಲ್ಲಿದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಅದೇ ಗ್ರಂಥ. ತಾಳೆ, ಬಿದಿರು, ಮರ, ಕೊಂಬು, ಈ ನಾಲ್ಕರ ಬಿಲ್ಲುಗಳನ್ನು ಅದು ಹೇಳುತ್ತದೆ. ಹೆದೆಗೆ ಹೇಳಿದ ನಾರುಗಳ ಪಟ್ಟಿಯಲ್ಲಿ ಎಕ್ಕ ಇದೆ, ಸೆಣಬಿದೆ, ಪ್ರಾಣಿಗಳ ನರವೂ ಇದೆ. ನಮ್ಮ ರಸ್ತೆ ಬದಿಯಲ್ಲಿ ಯಾರೂ ಕೇಳದೆ ಬೆಳೆಯುವ ಎಕ್ಕದ ತೊಗಟೆಯ ನಾರು ಅಷ್ಟು ಗಟ್ಟಿ. ಇಂಗ್ಲೆಂಡಿನವರು ಸೆಣಬು, ಅಗಸೆ ನಾರುಗಳಿಂದ ಹೊಸೆದರು. ಇಂದಿನ ಕಲಿಕೆಯವರು ಡೇಕ್ರಾನ್ ದಾರವನ್ನು ಎರಡು ಎಳೆಯಾಗಿ ಹುರಿ ಮಾಡಿ, ಜೇನುಮೇಣ ಸವರಿ, ತುದಿಯಲ್ಲಿ ಕುಣಿಕೆ ಮಾಡುತ್ತಾರೆ. ಮೊದಲ ಬಿಲ್ಲಿಗೆ ನಾನೂ ಡೇಕ್ರಾನ್ ಪರವೇ. ಹೆದೆ ಹರಿದರೆ ಬಿಲ್ಲೂ ಹೋಗುವ ಸಂಭವವಿದೆ. ಎಕ್ಕದ ನಾರಿನ ಪ್ರಯೋಗ ಎರಡನೆಯ ಬಿಲ್ಲಿಗೆ ಇರಲಿ.

ಕರ್ನಾಟಕದಲ್ಲಿ ಕೂತು ಓದುವವರಿಗೆ ರೆಡ್ ಓಕ್ ದುಬಾರಿ, ಹುಡುಕುವುದೂ ಕಷ್ಟ. ಬಿದಿರು ಹಾಗಲ್ಲ. 2017ರಲ್ಲಿ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ‘ಮರ’ದ ವ್ಯಾಖ್ಯೆಯಿಂದ ಹೊರಬಿತ್ತು, ತೋಟದ ಬಿದಿರು ಕಡಿಯುವ ತೊಡಕು ಕಡಿಮೆಯಾಯಿತು. ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವೇ ಬಿದಿರ ಬಿಲ್ಲಿಗಾಗಿ ಇದೆ. ಬಲಿತ ಬಿದಿರನ್ನು ಸೀಳಿ, ನೆರಳಲ್ಲಿ ಒಣಗಿಸಿ, ಹೊಳಪಿನ ಹೊರಸಿಪ್ಪೆಯನ್ನು ಕೆರೆಯದೆ ಬೆನ್ನಿಗೆ ಬಿಟ್ಟುಕೊಳ್ಳಬೇಕು; ಬಿದಿರಿನ ಬಲವೆಲ್ಲ ಆ ಸಿಪ್ಪೆಯ ಕೆಳಗಿನ ನಾರಿನಲ್ಲಿದೆ. ಉಳಿದ ಹದವೆಲ್ಲ ಹಲಗೆಯದೇ. ಕರಾವಳಿಯ ಮಳೆಗಾಲದಲ್ಲಿ ಮಾತ್ರ ಈ ಕೆಲಸ ಹಿಡಿಯಬಾರದು. ತೇವ ಕುಡಿದ ಮರ ಬಾಗಿದ ಮೇಲೆ ನೆಟ್ಟಗಾಗುವುದಿಲ್ಲ.

ಮುಗಿದ ಬಿಲ್ಲಿಗೆ ಅಗಸೆ ಎಣ್ಣೆ ತಿಕ್ಕಿ ಒಣಗಿಸಿ. ಹೆದೆಯೇರಿಸಿದಾಗ ಹಿಡಿಗೂ ಹೆದೆಗೂ ನಡುವಿನ ಅಂತರ ಹೆಬ್ಬೆರಳು ನಿಮಿರಿಸಿದ ಮುಷ್ಟಿಯಷ್ಟಿರಲಿ, ಆರಿಂಚಿನ ಸುಮಾರು. ಬಾಣ ಹೂಡದೆ ಹೆದೆ ಎಳೆದು ಬಿಡಲೇಬಾರದು. ಬಾಣಕ್ಕೆ ಹೋಗಬೇಕಿದ್ದ ಶಕ್ತಿ ಬಿಲ್ಲಿನ ಮೈಗೇ ತಿರುಗಿ ಬೀಳುತ್ತದೆ. ತಮಾಷೆಗೆ ಹಾಗೆ ಬಿಟ್ಟು ಒಳ್ಳೆಯ ಬಿಲ್ಲುಗಳು ಮುರಿದಿವೆ. ಗುರಿಗೆ ಒಣಹುಲ್ಲಿನ ಪಿಂಡಿ, ಅದರ ಹಿಂದೆ ಮಣ್ಣಿನ ದಿಬ್ಬ. ಹಕ್ಕಿ, ಮೊಲ ಎಂದು ಆಸೆಪಡುವಂತಿಲ್ಲ, ವನ್ಯಜೀವಿ ಕಾಯ್ದೆ ಇದೆ. ಎಯ್ದು ಮುಗಿದ ಕೂಡಲೇ ಹೆದೆ ಇಳಿಸಿ, ಬಿಲ್ಲನ್ನು ಮೂಲೆಗೆ ಒರಗಿಸದೆ ಎರಡು ಗೂಟದ ಮೇಲೆ ಮಲಗಿಸಿಡಿ.

ವರ್ಷ ಕಳೆದು ಹುಡುಗಿಯ ತೋಳು ಬಲಿತು ಬಿಲ್ಲು ತೀರಾ ಮೆದುವೆನಿಸಿದರೆ, ಎರಡೂ ತುದಿಯಿಂದ ಒಂದೊಂದು ಇಂಚು ಕತ್ತರಿಸಿ ಹೊಸ ಕಚ್ಚು ಕೊರೆದರೆ ಕೆಲವು ಪೌಂಡು ಏರುತ್ತದೆ. ಉದ್ದ ಬಿಟ್ಟು ಮಾಡಿದವರಿಗಷ್ಟೇ ಈ ಸೌಲಭ್ಯ. ಮೊದಲಿಗೇ ಗಿಡ್ಡ ಮಾಡಿದ್ದರೆ ಕತ್ತರಿಸಲು ಏನೂ ಇರುವುದಿಲ್ಲ. ಅದನ್ನು ತಮ್ಮನಿಗೆ ಕೊಟ್ಟು ಮತ್ತೆ ಮರದಂಗಡಿಗೆ ಹೋಗಬೇಕು.